ಕಾಂಕ್ರೀಟ್ ಮುಚ್ಚುವ ಮುನ್ನ: ಮಿಶ್ರ ವಾಸ್ತವದ ನೆರವಿನಿಂದ ಕಟ್ಟಡ ಕಾಮಗಾರಿಯನ್ನು ತಪಾಸಣೆ ಮಾಡುವ ಬಗೆ

ಚಾವಣಿಗೆ ಕಾಂಕ್ರೀಟ್ ಹಾಕುವ ಹಿಂದಿನ ದಿನ ಸೆಂಟ್ರಿಂಗ್ ಹಲಗೆಗಳ ಮೇಲೆ ನಿಂತು ನೋಡಿದರೆ, ಆ ಮಹಡಿಯ ಒಳಗುಟ್ಟೆಲ್ಲ ಕಣ್ಣಿಗೆ ಕಾಣುವಂತೆ ತೆರೆದಿರುತ್ತದೆ. ಕಂಬಿಗಳ ಜಾಲ, ಅದರ ನಡುವೆ ಹಾದುಹೋಗುವ ವೈರಿಂಗ್ ಪೈಪುಗಳು, ಫ್ಯಾನ್ ಬಾಕ್ಸ್‌ಗಳು, ಶೌಚಾಲಯದ ಪೈಪು ಇಳಿಯಲೆಂದು ಬಿಟ್ಟ ಸ್ಲೀವ್‌ಗಳು (ರಂಧ್ರ ಉಳಿಸುವ ಕೊಳವೆ ತುಂಡುಗಳು), ಮೇಲಿನ ಮಹಡಿಯ ಕಂಬಗಳಿಗಾಗಿ ತಲೆಯೆತ್ತಿ ನಿಂತ ಕಂಬಿಗಳು, ಹೀಗೆ ಎಲ್ಲವನ್ನೂ ಎಣಿಸಬಹುದು, ಮುಟ್ಟಿ ನೋಡಬಹುದು, ತಪ್ಪಿದ್ದರೆ ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಮರುದಿನ ಸಂಜೆಯ ಹೊತ್ತಿಗೆ ಇವೆಲ್ಲ 125 ಅಥವಾ 150 ಮಿ.ಮೀ. ದಪ್ಪದ ಕಾಂಕ್ರೀಟಿನೊಳಗೆ ಸೇರಿಹೋಗಿರುತ್ತವೆ. ಆಮೇಲೆ ಒಂದು ಸ್ಲೀವ್ ಬಿಟ್ಟುಹೋಗಿದೆ ಎಂದು ಗೊತ್ತಾದರೆ ಕೋರ್ ಕಟಿಂಗ್ ಯಂತ್ರ ತರಿಸಿ ಚಾವಣಿ ಕೊರೆಯಬೇಕು. ಕೊರೆಯುವಾಗ ಕಂಬಿ ತುಂಡಾಗಬಹುದು, ವೈರಿಂಗ್ ಪೈಪು ಸೀಳಬಹುದು, ಆ ರಂಧ್ರದ ಸುತ್ತ ನೀರು ಸೋರುವುದಕ್ಕೂ ದಾರಿಯಾಗಬಹುದು. ಕಟ್ಟಡದ ತಪಾಸಣೆಗೆ ಮಿಶ್ರ ವಾಸ್ತವವನ್ನು ಬಳಸುವುದಾದರೆ ಮೊದಲು ಈ ಒಂದು ದಿನಕ್ಕೆ ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈ ಲೇಖನದ ಹಂತಗಳನ್ನು ಆ ದಿನದ ಸುತ್ತಲೇ ಜೋಡಿಸಿದ್ದೇನೆ.

ಮಿಶ್ರ ವಾಸ್ತವ ಎಂದರೆ ಮಿಕ್ಸ್ಡ್ ರಿಯಾಲಿಟಿ. 1994ರಲ್ಲಿ ಪಾಲ್ ಮಿಲ್ಗ್ರಾಮ್ ಮತ್ತು ಫ್ಯುಮಿಯೊ ಕಿಶಿನೊ ಎಂಬ ಸಂಶೋಧಕರು ಒಂದು ತುದಿಯಲ್ಲಿ ಪೂರ್ತಿ ನೈಜ ಪರಿಸರವನ್ನೂ ಇನ್ನೊಂದು ತುದಿಯಲ್ಲಿ ಪೂರ್ತಿ ಕೃತಕ ಪರಿಸರವನ್ನೂ ಇಟ್ಟು, ಎರಡರ ನಡುವೆ ಬರುವುದನ್ನೆಲ್ಲ ಈ ಹೆಸರಿನಿಂದ ಕರೆದರು. ಕಟ್ಟಡದ ಕೆಲಸದಲ್ಲಿ ಅದರ ಅರ್ಥ ಸರಳ: ಕಂಪ್ಯೂಟರಿನಲ್ಲಿರುವ ಮೂರು ಆಯಾಮದ ಬಿಐಎಂ ಮಾದರಿಯನ್ನು (ಕಟ್ಟಡದ ಭಾಗಗಳ ವಿವರವನ್ನೂ ಹೊತ್ತ ಡಿಜಿಟಲ್ ಮಾದರಿ) ಅದರ ನಿಜವಾದ ಅಳತೆಯಲ್ಲಿ, ಕಟ್ಟಡ ಏಳುತ್ತಿರುವ ಜಾಗದ ಮೇಲೆಯೇ ಇರಿಸಿ, ಕಟ್ಟಿರುವುದನ್ನೂ ಕಟ್ಟಬೇಕಾಗಿದ್ದುದನ್ನೂ ಒಂದೇ ನೋಟದಲ್ಲಿ ಹೋಲಿಸುವುದು.

ಬಿಐಎಂ ಮಾದರಿಯೇ ಇಲ್ಲದ ಕಡೆ ಇದರಿಂದ ಪ್ರಯೋಜನವಿಲ್ಲ. 30×40 ಅಡಿ ನಿವೇಶನದಲ್ಲಿ ಒಂದು ಮನೆ ಕಟ್ಟುತ್ತಿರುವವರಿಗೆ ನಕ್ಷೆ, ಟೇಪು, ದಾರ, ತೂಗುಗುಂಡು ಮತ್ತು ಒಬ್ಬ ಜವಾಬ್ದಾರಿಯುತ ಎಂಜಿನಿಯರ್ ಸಾಕು. ಒಂದೊಂದು ಮಹಡಿಯಲ್ಲೂ ನೂರಾರು ಸ್ಲೀವ್‌ಗಳಿರುವ ವಸತಿ ಸಮುಚ್ಚಯ, ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಮಾತ್ರ ಈ ಶ್ರಮ ಸಾರ್ಥಕ.

ಏನನ್ನು ನೋಡಬೇಕೆಂದು ಮೊದಲು ಬರೆದಿಟ್ಟುಕೊಳ್ಳಿ

ಸಾಧನ ಕೊಳ್ಳುವುದಕ್ಕೆ ಮೊದಲೇ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಕೊಳ್ಳಬೇಕು. ಒಂದು ವಸ್ತು ಇದೆಯೋ ಇಲ್ಲವೋ, ಸರಿಯಾದ ಕೋಣೆಯಲ್ಲಿದೆಯೋ, ತೊಲೆಯ ಯಾವ ಬದಿಗಿದೆ, ಎಷ್ಟಿರಬೇಕಾದಲ್ಲಿ ಎಷ್ಟಿದೆ ಎಂಬಂಥ ಪ್ರಶ್ನೆಗಳೆಲ್ಲ ಮೊದಲನೆಯ ಪಟ್ಟಿಗೆ ಸೇರಬೇಕು. ಇವಕ್ಕೆ ಮಿಶ್ರ ವಾಸ್ತವ ಚೆನ್ನಾಗಿ ಉತ್ತರಿಸುತ್ತದೆ. ಮಿಲಿಮೀಟರಿನಲ್ಲಿ ತೀರ್ಮಾನವಾಗುವ ಪ್ರಶ್ನೆಗಳು ಎರಡನೆಯ ಪಟ್ಟಿಗೆ ಸೇರಬೇಕು. ಅವನ್ನು ಟೇಪು, ಮಟ್ಟ ನೋಡುವ ಆಟೊ ಲೆವೆಲ್, ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್‌ಗಳಿಗೇ ಬಿಡಬೇಕು.

ಈ ಗೆರೆಯನ್ನು ಏಕೆ ಎಳೆಯಬೇಕು ಎನ್ನುವುದಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯನ್ನೇ ನೋಡಬಹುದು. ಕಂಬ ಮತ್ತು ತೊಲೆಗಳ ಅಡ್ಡಕೊಯ್ತದ ಅಳತೆಯಲ್ಲಿ ಅದು ಒಪ್ಪುವ ವ್ಯತ್ಯಾಸ ಹೆಚ್ಚೆಂದರೆ 12 ಮಿ.ಮೀ. ದೊಡ್ಡದು ಅಥವಾ 6 ಮಿ.ಮೀ. ಚಿಕ್ಕದು. ಸೌಮ್ಯ ಪರಿಸರದಲ್ಲಿ ಕಂಬಿಯ ಮೇಲಿನ ಕನಿಷ್ಠ ಹೊದಿಕೆ, ಅಂದರೆ ಕವರ್, 20 ಮಿ.ಮೀ. ತಲೆಗೆ ಧರಿಸುವ ಅಥವಾ ಕೈಯಲ್ಲಿ ಹಿಡಿಯುವ ಸಾಮಾನ್ಯ ಸಾಧನ ಮಾದರಿಯನ್ನು ಎರಡು ಮೂರು ಸೆಂಟಿಮೀಟರ್ ಆಚೀಚೆ ತೋರಿಸುವುದು ಅಪರೂಪವೇನಲ್ಲ. 20 ಮಿ.ಮೀ. ಕವರನ್ನು 20 ಮಿ.ಮೀ. ತಪ್ಪಬಹುದಾದ ಸಾಧನದಿಂದ ಒಪ್ಪಿಗೆ ಮಾಡುವುದು ಕಟ್ಟಡಕ್ಕೂ ಅದರಲ್ಲಿ ಬದುಕುವವರಿಗೂ ಮಾಡುವ ಅನ್ಯಾಯ. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್‌ಗಳನ್ನು ಬಗ್ಗಿ ನೋಡಬೇಕು, ಬೇರೆ ದಾರಿಯಿಲ್ಲ.

ಕಾಂಕ್ರೀಟಿನ ಬಲವಂತೂ ಯಾವ ಕನ್ನಡಕಕ್ಕೂ ಕಾಣುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. ಅಂಥ ದಿನವನ್ನು ನೆನಪಿಟ್ಟುಕೊಂಡವರು ಯಾವ ಹೊಸ ಸಾಧನ ಬಂದರೂ ಹಳೆಯ ಪರೀಕ್ಷೆಗಳಲ್ಲಿ ಒಂದನ್ನೂ ಬಿಡಲು ಒಪ್ಪಲಾರರು. ಒಂದು ದಿನದ ಕಾಂಕ್ರೀಟ್ 16ರಿಂದ 30 ಘನ ಮೀಟರ್ ಇದ್ದರೆ ಮೂರು ಸ್ಯಾಂಪಲ್, 31ರಿಂದ 50 ಇದ್ದರೆ ನಾಲ್ಕು ಸ್ಯಾಂಪಲ್, ಒಂದೊಂದು ಸ್ಯಾಂಪಲ್ಲಿಗೂ 28ನೆಯ ದಿನದ ಪರೀಕ್ಷೆಗಾಗಿ ಮೂರು ಕ್ಯೂಬ್‌ಗಳು ಎಂಬ ನಿಯಮ ಹಾಗೆಯೇ ಉಳಿಯುತ್ತದೆ.

ಸಾಧನದ ಆಯ್ಕೆ

ಮೈಕ್ರೊಸಾಫ್ಟ್‌ನ ಹೋಲೊಲೆನ್ಸ್ 2 ಈ ಕ್ಷೇತ್ರದಲ್ಲಿ ಬಹಳ ಬಳಕೆಯಾಯಿತು. ಅದನ್ನು ಸುರಕ್ಷತಾ ಹೆಲ್ಮೆಟ್ಟಿಗೆ ಜೋಡಿಸಿ ಟ್ರಿಂಬಲ್ ಕಂಪನಿ ಎಕ್ಸ್‌ಆರ್10 ಎಂಬ ರೂಪದಲ್ಲಿ ಮಾರಿತು. ಆದರೆ 2024ರಲ್ಲಿ ಹೋಲೊಲೆನ್ಸ್ 2ರ ಉತ್ಪಾದನೆ ನಿಂತಿದೆ, ಭದ್ರತಾ ಪರಿಷ್ಕರಣೆಗಳು 2027ರ ಕೊನೆಯವರೆಗೆ ಮಾತ್ರ ಸಿಗುತ್ತವೆ. ಈಗಾಗಲೇ ಇದ್ದರೆ ಬಳಸಿ. ಹೊಸ ಯೋಜನೆಗೆಂದು ಹುಡುಕಿಕೊಂಡು ಹೋಗಿ ಕೊಳ್ಳಬೇಡಿ.

ತಲೆಗೆ ಧರಿಸುವ ಸಾಧನಗಳಲ್ಲಿ ಎರಡು ಜಾತಿಗಳಿವೆ, ಈ ಭೇದವನ್ನು ಸೈಟಿನಲ್ಲಿ ಮರೆಯಲೇಬಾರದು. ಹೋಲೊಲೆನ್ಸ್ ಮತ್ತು ಮ್ಯಾಜಿಕ್ ಲೀಪ್ 2 ಪಾರದರ್ಶಕ ಗಾಜಿನ ಮೇಲೆ ಬೆಳಕಿನ ಚಿತ್ರ ಮೂಡಿಸುತ್ತವೆ. ಬ್ಯಾಟರಿ ಮುಗಿದರೆ ಚಿತ್ರ ಮಾಯವಾಗುತ್ತದೆ, ಕಾಲ ಕೆಳಗಿನ ನೆಲ ಕಾಣುತ್ತಲೇ ಇರುತ್ತದೆ. ಮೆಟಾ ಕ್ವೆಸ್ಟ್ 3, ಆಪಲ್ ವಿಷನ್ ಪ್ರೊಗಳು ಕಣ್ಣನ್ನು ಪೂರ್ತಿ ಮುಚ್ಚಿ, ಹೊರಗಿನ ದೃಶ್ಯವನ್ನು ಕ್ಯಾಮೆರಾದ ಮೂಲಕ ಪರದೆಯಲ್ಲಿ ತೋರಿಸುತ್ತವೆ. ಅವು ನಿಂತುಹೋದರೆ ಧರಿಸಿದವರಿಗೆ ಕತ್ತಲು ಕವಿಯುತ್ತದೆ. ಚಾವಣಿಯ ಅಂಚು, ಲಿಫ್ಟ್ ಗುಂಡಿ, ಮೆಟ್ಟಿಲಿಗಾಗಿ ಬಿಟ್ಟ ತೆರಪು ಇರುವ ಜಾಗದಲ್ಲಿ ಎರಡನೆಯ ಜಾತಿಯ ಸಾಧನ ಧರಿಸಿ ನಡೆದಾಡುವುದನ್ನು ನಾನು ಒಪ್ಪುವುದಿಲ್ಲ. ಅವನ್ನು ಕಚೇರಿಯಲ್ಲಿ ಮಾದರಿಯನ್ನು ಚರ್ಚಿಸಲು ಬಳಸಿ.

ಪ್ರಾರಂಭಿಸುವವರಿಗೆ ಲೈಡಾರ್ (ಬೆಳಕಿನ ಕಿರಣದಿಂದ ದೂರ ಅಳೆಯುವ ವ್ಯವಸ್ಥೆ) ಇರುವ ಟ್ಯಾಬ್ಲೆಟ್ ಉತ್ತಮ ಆಯ್ಕೆ. 2020ರಿಂದ ಐಪ್ಯಾಡ್ ಪ್ರೊಗಳಲ್ಲಿ ಸುಮಾರು 5 ಮೀಟರ್ ದೂರದವರೆಗೆ ಅಳೆಯುವ ಲೈಡಾರ್ ಸಂವೇದಕವಿದೆ. ಪರದೆಯನ್ನು ಮೇಸ್ತ್ರಿ, ಬಾರ್ ಬೆಂಡರ್, ಎಲೆಕ್ಟ್ರಿಷಿಯನ್ ಎಲ್ಲರೂ ಒಟ್ಟಿಗೆ ನೋಡಬಹುದು, ಕಣ್ಣಿಗೆ ಯಾವ ಮರೆಯೂ ಇರುವುದಿಲ್ಲ. ಕೊರತೆಗಳೂ ಇವೆ: ಒಂದು ಕೈ ಸಾಧನಕ್ಕೇ ಬೇಕು, ಬಿಸಿಲಿನಲ್ಲಿ ಪರದೆ ಮಸುಕಾಗುತ್ತದೆ, ಅದರ ಬಳಕೆಗೆ ಹೇಳಿರುವ ಗರಿಷ್ಠ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ಬಳ್ಳಾರಿಗಳ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ತಾನಾಗಿಯೇ ನಿಂತುಹೋದರೆ ಆಶ್ಚರ್ಯವಿಲ್ಲ. ಪಾರದರ್ಶಕ ಗಾಜಿನ ಸಾಧನಕ್ಕೂ ಬಿಸಿಲು ಶತ್ರುವೇ. ಬೆಳಕನ್ನು ಸೇರಿಸುವುದಷ್ಟೇ ಅದಕ್ಕೆ ಸಾಧ್ಯವಾದ್ದರಿಂದ ಕಡು ಬಣ್ಣಗಳು ಮೂಡುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಸುತ್ತು ಹಾಕುವುದು ಒಳ್ಳೆಯದು.

ಮಾದರಿಯನ್ನು ಹಗುರಗೊಳಿಸಿ, ಮೂಲಬಿಂದುವಿನ ಹತ್ತಿರ ತನ್ನಿ

ವಿನ್ಯಾಸಕಾರರು ಕೊಟ್ಟ ಇಡೀ ಮಾದರಿಯನ್ನು ಹಾಗೆಯೇ ಸಾಧನಕ್ಕೆ ಹಾಕಬಾರದು. ಒಂದು ಮಹಡಿಯನ್ನು ಮಾತ್ರ ಬೇರ್ಪಡಿಸಿ, ಐಎಫ್‌ಸಿ ಎಂಬ ಮುಕ್ತ ಕಡತ ರೂಪದಲ್ಲಿ ಹೊರತೆಗೆಯಿರಿ. ಪೀಠೋಪಕರಣ, ಬಾಗಿಲ ಹಿಡಿಕೆ, ನೆಲಹಾಸು ಎಲ್ಲ ತೆಗೆದುಹಾಕಿ. ತೊಲೆಗಳ ಅಂಚು, ಸಂಕನ್ ಭಾಗಗಳು (ಸ್ನಾನಗೃಹಗಳಿಗಾಗಿ ತಗ್ಗಿಸಿದ ಭಾಗಗಳು), ಸ್ಲೀವ್‌ಗಳು, ವೈರಿಂಗ್ ಪೈಪು ಮತ್ತು ಬಾಕ್ಸ್‌ಗಳು, ಮೇಲಿನ ಕಂಬಗಳ ಸ್ಥಾನ ಇಷ್ಟು ಉಳಿದರೆ ಸಾಕು. ಸ್ಲೀವ್‌ಗಳಿಗೆ ಕಿತ್ತಳೆ, ವಿದ್ಯುತ್ತಿಗೆ ಹಳದಿ, ಸಂಕನ್ ಭಾಗಕ್ಕೆ ತಿಳಿನೀಲಿ ಎಂಬಂತೆ ಎದ್ದುಕಾಣುವ ಬಣ್ಣಗಳನ್ನು ಕೊಡಿ, ಒಂದೊಂದು ವಿಭಾಗವನ್ನೂ ಬೇರೆಬೇರೆ ಪದರದಲ್ಲಿಡಿ.

ಮಾದರಿಯ ಮೂಲಬಿಂದುವಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಸರ್ವೆ ನಿರ್ದೇಶಾಂಕಗಳಲ್ಲಿ ಬೆಂಗಳೂರಿನ ಒಂದು ಬಿಂದುವಿನ ಉತ್ತರದ ಅಂಕಿ ಸುಮಾರು 14 ಲಕ್ಷ ಮೀಟರ್ ಇರುತ್ತದೆ. ಈ ಸಾಧನಗಳ ಚಿತ್ರ ಮೂಡಿಸುವ ತಂತ್ರಾಂಶಗಳು ಬಹುತೇಕ 32 ಬಿಟ್ ದಶಮಾಂಶ ಸಂಖ್ಯೆಗಳಲ್ಲಿ ಲೆಕ್ಕ ಹಾಕುತ್ತವೆ. 14 ಲಕ್ಷದಷ್ಟು ದೊಡ್ಡ ಅಂಕಿಯಲ್ಲಿ ಅಂಥ ಸಂಖ್ಯೆ ಹಿಡಿಯಬಲ್ಲ ಅತಿ ಸಣ್ಣ ವ್ಯತ್ಯಾಸ 0.125 ಮೀಟರ್. ಅಂದರೆ ಸ್ಲೀವ್ ತನ್ನ ಜಾಗದಲ್ಲಿ ನಿಲ್ಲದೆ ಹನ್ನೆರಡೂವರೆ ಸೆಂಟಿಮೀಟರಿನ ಹೆಜ್ಜೆಗಳಲ್ಲಿ ಕುಪ್ಪಳಿಸಬಹುದು! ಪರಿಹಾರ ಸುಲಭ. ನಕ್ಷೆಯಲ್ಲಿ ಕಂಬಗಳ ಸ್ಥಾನ ಗುರುತಿಸುವ ಗ್ರಿಡ್ ಗೆರೆಗಳಲ್ಲಿ 1 ಮತ್ತು ಎ ಕೂಡುವ ಬಿಂದುವನ್ನು ಸೊನ್ನೆ ಎಂದು ಇಟ್ಟುಕೊಂಡು ಮಾದರಿಯನ್ನು ಅಲ್ಲಿಗೆ ಸರಿಸಿ, ಎಷ್ಟು ಸರಿಸಿದಿರಿ ಎಂಬುದನ್ನು ಬರೆದಿಡಿ.

ಕಡತದ ಹೆಸರಿನಲ್ಲೇ ಮಹಡಿ, ಪರಿಷ್ಕರಣೆಯ ಸಂಖ್ಯೆ, ದಿನಾಂಕ ಇರಲಿ. ಹಳೆಯ ಪರಿಷ್ಕರಣೆಯ ಮಾದರಿ ಹಿಡಿದು ನಡೆಸಿದ ತಪಾಸಣೆ, ಸರಿಯಾಗಿರುವ ಕೆಲಸವನ್ನು ಕೀಳಿಸಿ ತಪ್ಪು ಮಾಡಿಸುತ್ತದೆ. ಕಡತವನ್ನು ಕಚೇರಿಯಲ್ಲೇ ಸಾಧನಕ್ಕೆ ಇಳಿಸಿಕೊಳ್ಳಿ. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಿ ಹೋಗಬೇಡಿ.

ಗುರುತುಗಳನ್ನು ಇಡುವುದು

ಇಡೀ ಕೆಲಸದ ಜೀವ ಇಲ್ಲಿದೆ. ಮಾದರಿ ಎಲ್ಲಿ ಕೂರಬೇಕೆಂದು ಸಾಧನಕ್ಕೆ ತಾನಾಗಿ ಗೊತ್ತಾಗುವುದಿಲ್ಲ; ಸೈಟಿನ ಗೊತ್ತಾದ ಬಿಂದುಗಳನ್ನು ನಾವು ಅದಕ್ಕೆ ತೋರಿಸಬೇಕು. ಸಾಮಾನ್ಯವಾಗಿ ಕ್ಯೂಆರ್ ಕೋಡ್ ಮುದ್ರಿಸಿದ ಫಲಕವನ್ನು ಆ ಬಿಂದುವಿನಲ್ಲಿಟ್ಟು ಕ್ಯಾಮೆರಾಕ್ಕೆ ಹಿಡಿಯುತ್ತೇವೆ. ಮುದ್ರಿತ ಕಾಗದ ಇಬ್ಬನಿಗೂ ಕ್ಯೂರಿಂಗ್ ನೀರಿಗೂ ಸುಕ್ಕಾಗುವುದರಿಂದ ಗಟ್ಟಿ ಅಲ್ಯುಮಿನಿಯಂ ಅಥವಾ ಆಕ್ರಿಲಿಕ್ ಹಾಳೆಯ ಮೇಲೆ ಅಂಟಿಸಿಕೊಳ್ಳಿ.

ಒಂದೇ ಫಲಕವನ್ನು ನಂಬಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಒಂದು ಗೇಣಿನಷ್ಟು ಅಗಲದ ಫಲಕದ ದಿಕ್ಕನ್ನು ಸಾಧನ ಅರ್ಧ ಡಿಗ್ರಿ ತಪ್ಪಾಗಿ ಓದಿದರೂ 10 ಮೀಟರ್ ದೂರದಲ್ಲಿ ಮಾದರಿ ಸುಮಾರು 87 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, 20 ಮೀಟರಿನಲ್ಲಿ 175 ಮಿ.ಮೀ. ಹಾಗಾಗಿ ಎರಡು ಗುರುತುಗಳು ಬೇಕು, ಅವು ಆದಷ್ಟು ದೂರದೂರ ಇರಬೇಕು. ಎರಡು ಗುರುತುಗಳು 3 ಮೀಟರ್ ಅಂತರದಲ್ಲಿದ್ದು, ಒಂದೊಂದರಲ್ಲೂ ವಿರುದ್ಧ ದಿಕ್ಕಿನಲ್ಲಿ 5 ಮಿ.ಮೀ. ತಪ್ಪಿದ್ದರೆ, ಆ ವಾರೆ 30 ಮೀಟರ್ ದೂರದಲ್ಲಿ 100 ಮಿ.ಮೀ. ಆಗಿ ಬೆಳೆಯುತ್ತದೆ. ಅದೇ ಗುರುತುಗಳು 25 ಮೀಟರ್ ಅಂತರದಲ್ಲಿದ್ದರೆ 12 ಮಿ.ಮೀ. ಮಾತ್ರ. ಉದ್ದ ದಾರ ಎಳೆದು ಗೋಡೆಯ ನೇರ ನೋಡುವ ಗಾರೆ ಕೆಲಸದವರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

ಸೆಂಟ್ರಿಂಗ್ ಹಲಗೆಗಳ ಮೇಲೆ ಇನ್ನೊಂದು ತೊಡಕಿದೆ. ಅಲ್ಲಿ ಸ್ಥಿರವಾದ ವಸ್ತು ಎನ್ನುವುದೇ ಕಡಿಮೆ. ಕಾಲ ಕೆಳಗಿನದೆಲ್ಲ ತಾತ್ಕಾಲಿಕ ಶಟರಿಂಗ್. ಆತುರದಲ್ಲಿ ಶಟರಿಂಗಿನ ಮೂಲೆಯನ್ನೇ ಆಧಾರ ಮಾಡಿಕೊಂಡು ಮಾದರಿಯನ್ನು ಕೂರಿಸಿದರೆ, ಶಟರಿಂಗ್ ಸ್ವತಃ 40 ಮಿ.ಮೀ. ಜರುಗಿದ್ದರೂ ಮಾದರಿ ಅದರ ಜೊತೆಗೇ ಜರುಗಿ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಯಾವುದನ್ನು ಪರೀಕ್ಷಿಸಬೇಕೋ ಅದನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ನೆಲಮಟ್ಟದ ಸರ್ವೆ ಕಲ್ಲುಗಳಿಂದ ಟೋಟಲ್ ಸ್ಟೇಷನ್ ಮೂಲಕ ಅದೇ ದಿನ ಬಿಂದುಗಳನ್ನು ಮೇಲಕ್ಕೆ ತಂದು, ಹಲಗೆಯ ಮೇಲೆ ಮೊಳೆ ಹೊಡೆದು ಬಣ್ಣದ ಸುತ್ತು ಹಾಕಿಸಿ. ಲಿಫ್ಟ್ ಗೋಡೆ ಮೊದಲೇ ಎದ್ದುನಿಂತಿದ್ದರೆ ಒಂದು ಫಲಕವನ್ನು ಅದರ ಮೇಲಿಡುವುದು ಇನ್ನೂ ಲೇಸು. ಮಟ್ಟವನ್ನು ಎತ್ತರ ಗೊತ್ತಿರುವ ಬೆಂಚ್‌ಮಾರ್ಕಿನಿಂದ ಆಟೊ ಲೆವೆಲ್ ಹಿಡಿದು ತನ್ನಿ.

ಹೊಂದಿಕೆಯನ್ನು ಮೊದಲು ಸಾಬೀತುಪಡಿಸಿ

ಮಾದರಿ ಕೂತಿತೆಂದು ಕೂಡಲೇ ತಪಾಸಣೆಗೆ ಇಳಿಯಬೇಡಿ. ಹೊಂದಿಸಲು ಬಳಸದ ಮೂರನೆಯ ಬಿಂದುವೊಂದನ್ನು, ಆದಷ್ಟು ದೂರದ ಮೂಲೆಯಲ್ಲಿ, ಮೊದಲೇ ಟೋಟಲ್ ಸ್ಟೇಷನ್ನಿನಿಂದ ಗುರುತಿಸಿಟ್ಟಿರಬೇಕು. ಅಲ್ಲಿಗೆ ನಡೆದುಹೋಗಿ, ಮಾದರಿಯಲ್ಲಿನ ಅದೇ ಬಿಂದು ಎಷ್ಟು ದೂರದಲ್ಲಿ ಕಾಣುತ್ತದೆಂದು ಸ್ಟೀಲ್ ಸ್ಕೇಲ್ ಇಟ್ಟು ಓದಿ, ಬರೆದುಕೊಳ್ಳಿ. ಸ್ಲೀವ್ ಮತ್ತು ಪೈಪುಗಳ ತಪಾಸಣೆಗೆ ನಾನು ಇಟ್ಟುಕೊಳ್ಳುವ ಮಿತಿ 20 ಮಿ.ಮೀ. ಅದಕ್ಕಿಂತ ಹೆಚ್ಚಿದ್ದರೆ ಮೊದಲಿನಿಂದ ಹೊಂದಿಸಬೇಕು.

ನಡೆಯುತ್ತ ಹೋದಂತೆ ಹೊಂದಿಕೆ ಸಡಿಲವಾಗುತ್ತದೆ. ಸಾಧನವು ಸುತ್ತಲಿನ ದೃಶ್ಯದಲ್ಲಿ ಗುರುತು ಹಿಡಿಯಬಹುದಾದ ಚುಕ್ಕೆ, ಅಂಚು, ಮೂಲೆಗಳನ್ನು ನೆನಪಿಟ್ಟುಕೊಂಡು ತಾನು ಎಲ್ಲಿದ್ದೇನೆಂದು ಊಹಿಸುತ್ತದೆ. ಒಂದೇ ಬಗೆಯ ಚೌಕಗಳು ಸಾಲುಸಾಲಾಗಿರುವ ಕಂಬಿ ಜಾಲ, ಗುರುತೇ ಇಲ್ಲದ ನುಣುಪು ಪ್ಲೈವುಡ್, ನಿಂತ ನೀರು, ಅತ್ತಿತ್ತ ಓಡಾಡುವ ಕೆಲಸಗಾರರು ಎಲ್ಲವೂ ಆ ಊಹೆಯನ್ನು ಕೆಡಿಸುತ್ತವೆ. ಆದ್ದರಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ, ಒಂದು ಮನೆಯ ಭಾಗ ಮುಗಿಸಿ ಇನ್ನೊಂದಕ್ಕೆ ಹೋಗುವಾಗಲೆಲ್ಲ, ಪರೀಕ್ಷಾ ಬಿಂದುವನ್ನು ಮತ್ತೆ ನೋಡಬೇಕು.

ಸುತ್ತು ಹಾಕುವುದು

ಯಾವಾಗ ನೋಡುತ್ತೀರಿ ಎಂಬುದು ಹೇಗೆ ನೋಡುತ್ತೀರಿ ಎಂಬಷ್ಟೇ ಮುಖ್ಯ. ರೆಡಿಮಿಕ್ಸ್ ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ ಯಾರ ಕಿವಿಗೂ ಯಾವ ಆಕ್ಷೇಪಣೆಯೂ ಬೀಳುವುದಿಲ್ಲ. ಕಾಂಕ್ರೀಟನ್ನು ಸುಮಾರು ಎರಡು ಗಂಟೆಯೊಳಗೆ ಇಳಿಸಲೇಬೇಕಾದ ಒತ್ತಡ ಎಲ್ಲರ ಮೇಲಿರುತ್ತದೆ. ಹಿಂದಿನ ದಿನ ಸಂಜೆ ಸುತ್ತು ಹಾಕಿ, ತಿದ್ದುಪಡಿಗೆ ಅಂದಿನ ಉಳಿದ ಹೊತ್ತನ್ನೂ ಮರುದಿನದ ಮುಂಜಾನೆಯನ್ನೂ ಬಿಡಿ, ತಿದ್ದುಪಡಿ ಮುಗಿದ ಮೇಲೆಯೇ ಲಾರಿಗೆ ಹೇಳಿ.

ಸಾಧನ ಹಿಡಿದವರ ಜೊತೆಗೆ ಬರಿಗಣ್ಣಿನ ಒಬ್ಬರು ಯಾವಾಗಲೂ ಇರಬೇಕು. ನಡೆಯುವಾಗ ಚಿತ್ರ ಆರಿಸಿ; ನಿಂತಾಗ ಮಾತ್ರ ನೋಡಿ. ಹೋಲೊಲೆನ್ಸ್ 2ರಲ್ಲಿ ಚಿತ್ರ ಕಾಣುವ ಕೋನ ಮೂಲೆಯಿಂದ ಮೂಲೆಗೆ 52 ಡಿಗ್ರಿಯಷ್ಟೇ ಇರುವುದರಿಂದ, ಕತ್ತು ತಿರುಗಿಸಿ ಇಡೀ ಕೋಣೆಯನ್ನು ಸವರಿದಂತೆ ನೋಡದಿದ್ದರೆ ಬದಿಯ ಸ್ಲೀವ್ ತಪ್ಪಿಹೋಗುತ್ತದೆ.

ಒಮ್ಮೆಗೆ ಒಂದೇ ಪದರ ತೆರೆಯಿರಿ. ಮೊದಲು ತೊಲೆಗಳ ಅಂಚು ಮತ್ತು ಮೇಲಿನ ಕಂಬಗಳ ಕಂಬಿ. ಇವು ತಪ್ಪಿದ್ದರೆ ಉಳಿದುದನ್ನು ನೋಡುವ ಅಗತ್ಯವೇ ಇಲ್ಲ. ನಂತರ ಸಂಕನ್ ಭಾಗಗಳು: ಸ್ನಾನಗೃಹ ಅದಲುಬದಲಾಗಿ ಪಕ್ಕದ ಕೋಣೆಯ ನೆಲ ತಗ್ಗಾಗಿರುವುದು ಕನ್ನಡಿ ಬಿಂಬದಂತೆ ಎದುರುಬದುರು ಇರುವ ಫ್ಲ್ಯಾಟ್‌ಗಳಲ್ಲಿ ಆಗಬಹುದಾದ ತಪ್ಪು, ಮಾದರಿ ಅದನ್ನು ಕ್ಷಣದಲ್ಲಿ ತೋರಿಸುತ್ತದೆ. ಆಮೇಲೆ ಸ್ಲೀವ್‌ಗಳನ್ನು ಎಣಿಸುತ್ತ ಹೋಗಿ. ಮಾದರಿಯ ಕಿತ್ತಳೆ ವೃತ್ತದೊಳಗೆ ನಿಜವಾದ ಸ್ಲೀವ್ ಕಾಣದಿದ್ದರೆ ಅಲ್ಲಿಯೇ ಬಣ್ಣ ಹಾಕಿಸಿ. ವೃತ್ತಕ್ಕೂ ಸ್ಲೀವಿಗೂ ಅಂತರವಿದ್ದರೆ ಹತ್ತಿರದ ಗ್ರಿಡ್ ಗೆರೆಯಿಂದ ಟೇಪು ಹಿಡಿದು ಅಳೆಯಿರಿ, ತೀರ್ಪು ಟೇಪಿನದೇ. ಕೊನೆಯಲ್ಲಿ ವಿದ್ಯುತ್ ಪೈಪುಗಳು. ಅವು ಬಾಗುತ್ತ ಹೋಗುವುದರಿಂದ ದಾರಿ ಒಂದಿಷ್ಟು ಬದಲಾದರೆ ತಕರಾರು ಬೇಡ, ಬಾಕ್ಸ್‌ನ ಸ್ಥಾನ ಮಾತ್ರ ಸರಿ ಇರಲಿ.

ಈ ಸುತ್ತಿನಲ್ಲಿ ಮೇಸ್ತ್ರಿಯ ಕೈಗೂ ಟ್ಯಾಬ್ಲೆಟ್ ಕೊಡಿ. “ಸಾರ್, ಇಲ್ಲಿ ತೊಲೆಯ ಮೇಲಿನ ಕಂಬಿ ಒತ್ತಾಗಿದೆ, ನಾಲ್ಕಿಂಚಿನ ಪೈಪು ಹೇಗೆ ಇಳಿಯುತ್ತೆ?” ಎಂದು ಅವರು ಕೇಳಿದರೆ, ಅದು ಬಹುಶಃ ಮಾದರಿಯದೇ ತಪ್ಪು. ಮಾದರಿಯನ್ನು ಪ್ರಶ್ನಿಸುವ ಅನುಭವಿ ಕಣ್ಣು ಜೊತೆಗಿಲ್ಲದೆ ನಡೆಸುವ ತಪಾಸಣೆ ಅರ್ಧ ತಪಾಸಣೆ.

ದಾಖಲೆ

ಒಂದೊಂದು ದೋಷಕ್ಕೂ ಎರಡು ಚಿತ್ರಗಳನ್ನು ತೆಗೆಯಿರಿ: ಮಾದರಿ ಸೇರಿದಂತೆ ಒಂದು, ಮಾದರಿ ಇಲ್ಲದೆ ಒಂದು. ಮಾದರಿ ಸೇರಿದ ಚಿತ್ರವೊಂದೇ ಇದ್ದರೆ ಮುಂದೆ ವಿವಾದ ಬಂದಾಗ ಯಾವುದು ನಿಜ, ಯಾವುದು ಬೆಳಕು ಎಂದು ಹೇಳುವುದು ಕಷ್ಟ. ಗ್ರಿಡ್ ಸಂಖ್ಯೆ, ಟೇಪಿನ ಅಳತೆ, ಮಾದರಿಯ ಪರಿಷ್ಕರಣೆ, ಆ ಹೊತ್ತಿನ ಪರೀಕ್ಷಾ ಬಿಂದುವಿನ ವ್ಯತ್ಯಾಸ, ಸರಿಪಡಿಸಬೇಕಾದವರ ಹೆಸರು ಮತ್ತು ಗಡುವು ಬರೆಯಿರಿ. ತಂತ್ರಾಂಶ ಬೆಂಬಲಿಸಿದರೆ ಇದನ್ನು ಬಿಸಿಎಫ್ (ಮಾದರಿಯ ದೋಷ-ಟಿಪ್ಪಣಿಗಳನ್ನು ಹಂಚಿಕೊಳ್ಳುವ ಕಡತ) ರೂಪದಲ್ಲಿ ಉಳಿಸಿ. ವಿನ್ಯಾಸಕಾರರು ತಮ್ಮ ಮಾದರಿಯಲ್ಲಿ ಅದೇ ಜಾಗವನ್ನು ನೇರವಾಗಿ ತೆರೆಯಬಹುದು. ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಪೋರ್ ಕಾರ್ಡ್‌ಗೆ ಸಹಿ ಹಾಕುವ ಮುನ್ನ ಸರಿಪಡಿಸಿದ ಚಿತ್ರವೂ ಅದೇ ದಾಖಲೆಗೆ ಸೇರಿರಬೇಕು.

ವಾರವಾರದ ಪ್ರಗತಿ ನೋಡಲೂ ಇದೇ ವ್ಯವಸ್ಥೆ ಸಾಕು. ಒಂದೇ ದಾರಿಯಲ್ಲಿ, ಒಂದೇ ದಿನ ಸುತ್ತು ಹಾಕಿ, ಮುಗಿದ ಗೋಡೆ, ಕಿಟಕಿ ಚೌಕಟ್ಟು, ಪೈಪುಗಳನ್ನು ಮಾದರಿಯಲ್ಲಿ ಹಸಿರು ಮಾಡುತ್ತ ಹೋದರೆ ವೇಳಾಪಟ್ಟಿಗಿಂತ ಎಷ್ಟು ಹಿಂದಿದ್ದೇವೆಂದು ತಿಳಿಯುತ್ತದೆ. ಆದರೆ ಹಸಿರು ಎಂದರೆ ‘ಇದೆ’ ಎಂದಷ್ಟೇ ಅರ್ಥ. ಗುತ್ತಿಗೆದಾರರ ಬಿಲ್ಲಿಗೆ ಅದೊಂದೇ ಆಧಾರವಾಗಬಾರದು. ಸೆಂಟ್ರಿಂಗ್ ಕಳಚುವ ವಿಷಯದಲ್ಲೂ ಇದೇ ಎಚ್ಚರ ಬೇಕು: 4.5 ಮೀಟರ್‌ವರೆಗಿನ ಹರವಿನ ಚಾವಣಿಯ ಊರುಗಂಬಗಳು 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ ನಿಲ್ಲಬೇಕೆಂಬ ಐಎಸ್ 456ರ ಲೆಕ್ಕವನ್ನು ಮಾದರಿಯಲ್ಲಿ ದಿನಾಂಕದೊಂದಿಗೆ ಬರೆದಿಟ್ಟರೆ ಅವಸರದ ಕೈಗಳನ್ನು ತಡೆಯಲು ನೆರವಾಗುತ್ತದೆ.

ಮುಚ್ಚಿದ ಮೇಲೆ

ಕಾಂಕ್ರೀಟ್ ಹಾಕುವ ಮುನ್ನ ಲೈಡಾರ್‌ನಿಂದ ಇಡೀ ಮಹಡಿಯನ್ನು ಸ್ಕ್ಯಾನ್ ಮಾಡಿ, ಗುರುತುಗಳೊಂದಿಗೆ ಹೊಂದಿಸಿ ಉಳಿಸಿಡಿ. ಗೋಡೆಗಳಿಗೆ ಗಾರೆ ಮೆತ್ತುವ ಮುನ್ನವೂ ಫಾಲ್ಸ್ ಸೀಲಿಂಗ್ ಹಾಕುವ ಮುನ್ನವೂ ಇದನ್ನೇ ಮಾಡಿ. ವರ್ಷಗಳ ನಂತರ ಯಾರಾದರೂ ಚಾವಣಿಗೆ ಕೊಕ್ಕೆ ಹಾಕಲು ಅಥವಾ ಎಸಿಯ ಪೈಪಿಗೆ ರಂಧ್ರ ಕೊರೆಯಲು ಬಂದಾಗ, ಆ ಸ್ಕ್ಯಾನನ್ನು ಅದೇ ಕೋಣೆಯಲ್ಲಿ ತೆರೆದರೆ ವೈರಿಂಗ್ ಪೈಪು ಎಲ್ಲಿ ಹೋಗಿದೆಯೆಂದು ಕಾಂಕ್ರೀಟಿನ ಮೇಲೆಯೇ ಕಾಣುತ್ತದೆ. ಡ್ರಿಲ್ ಇಡುವ ಮುನ್ನ ಕವರ್ ಮೀಟರ್‌ನಿಂದ ಕಂಬಿಯ ಜಾಗವನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು. ಮಾದರಿ ಮತ್ತು ಸ್ಕ್ಯಾನ್ ಕಡತಗಳನ್ನು ಒಂದೇ ಕಂಪನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವ ರೂಪದಲ್ಲಿಡದೆ, ಐಎಫ್‌ಸಿ ಮತ್ತು ಇ57ನಂಥ ಮುಕ್ತ ರೂಪಗಳಲ್ಲಿ ಒಂದು ಪ್ರತಿ ತೆಗೆದು, ಗುರುತುಬಿಂದುಗಳ ಪಟ್ಟಿಯೊಂದಿಗೆ, ಕಟ್ಟಡ ಹಸ್ತಾಂತರಿಸುವ ದಿನ ಬೀಗದ ಕೈಗಳ ಜೊತೆಯಲ್ಲೇ ನಿವಾಸಿಗಳ ಸಂಘಕ್ಕೆ ಕೊಡಿ.